ಖಜಾನೆ ಬರಿದಾದಾಗ ಕಾಲೇಜು

ಹಳಿಯಾಳದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಧಾರವಾಡದ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರನ್ನು ಎಣಿಸುವ ಚಟವೊಂದು ನನಗೆ ಅಂಟಿಕೊಂಡಿದೆ. ಊರಿಗೆ ಹೋದಾಗಲೆಲ್ಲ ಒಂದು ಚಹಾ ಹಿಡಿದುಕೊಂಡು ನಿಂತು ಎಣಿಸುತ್ತೇನೆ. ಬ್ಯಾಗಿನ ಭಾರ, ಕೈಯಲ್ಲಿನ ಟಿಫಿನ್ ಡಬ್ಬಿ, ಕುತ್ತಿಗೆಗೆ ತೂಗುಬಿಟ್ಟ ಗುರುತಿನ ಚೀಟಿ, ಇವಿಷ್ಟು ನೋಡಿದರೆ ಯಾರು ಕಾಲೇಜಿಗೆ ಹೊರಟವರು, ಯಾರು ಅಂಗಡಿ ಕೆಲಸಕ್ಕೆ ಹೊರಟವರು ಎಂದು ಹೇಳಬಹುದು. ಇದರಿಂದ ಯಾವ ಅಂಕಿಅಂಶವೂ ಹುಟ್ಟುವುದಿಲ್ಲ, ನನ್ನ ಮಾರ್ಗದರ್ಶಕರು ಇದನ್ನು ಅಧ್ಯಾಯಕ್ಕೆ ಸೇರಿಸಲು ಬಿಡುವುದೂ ಇಲ್ಲ. ಆದರೂ ಉನ್ನತ ಶಿಕ್ಷಣದ ಚರಿತ್ರೆ ಬರೆಯುತ್ತೇನೆ ಎಂದು ಹೊರಟವನಿಗೆ ಹಳೆಯ ವರದಿಗಳಲ್ಲಿ ಸಿಗದ ಒಂದು ಸಂಗತಿ ಆ ಸಾಲಿನಲ್ಲಿ ಕಾಣುತ್ತದೆ. ನಮ್ಮ ಊರಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ದಾಂಡೇಲಿಯಲ್ಲಿದೆ, ಜೋಯಿಡಾದಲ್ಲಿದೆ, ಮುಂಡಗೋಡದಲ್ಲಿದೆ. ಹಾಗಿದ್ದೂ ಇವರು ಯಾಕೆ ಧಾರವಾಡದ ಬಸ್ಸಿಗೆ ನಿಂತಿದ್ದಾರೆ?

ಕೆಲವರಿಗೆ ಧಾರವಾಡ ಅಂದರೆ ಧಾರವಾಡವೇ. ಅದಕ್ಕೆ ಕಾರಣ ಕೇಳಬೇಕಿಲ್ಲ. ಆದರೆ ಇನ್ನು ಕೆಲವರ ಉತ್ತರ ಬೇರೆ. 'ನಮ್ಮಲ್ಲಿ ಆ ಸಬ್ಜೆಕ್ಟ್ ಇಲ್ಲರಿ.' 'ಇತ್ತರಿ, ಈ ವರ್ಷ ತಗದಾರ.' ಯಾರು ತೆಗೆದರು, ಯಾವ ಆದೇಶದಿಂದ, ಯಾಕೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಕಾಲೇಜಿನ ಆಫೀಸಿನಲ್ಲಿ ಕೇಳಿದರೆ ಅಲ್ಲಿಯೂ ನೆಟ್ಟಗೆ ಗೊತ್ತಿರುವುದಿಲ್ಲ. ಕಾಲೇಜು ಮುಚ್ಚಿದರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಒಂದು ವಿಷಯದ ತರಗತಿ ನಿಂತರೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕೂಡ ಇರುವುದಿಲ್ಲ.

ಸರ್ಕಾರದ ಕೈಯಲ್ಲಿ ಹಣವಿಲ್ಲದಾಗ ಕಾಲೇಜುಗಳಿಗೆ ಏನಾಗುತ್ತದೆ ಎಂಬುದರ ಕಥೆ ನಮ್ಮ ಸೀಮೆಯಲ್ಲಿ ಕನಿಷ್ಠ ತೊಂಬತ್ತು ವರ್ಷ ಹಳೆಯದು. ಅದನ್ನು ಹೇಳಲು ಹಳಿಯಾಳವನ್ನು ಬಿಟ್ಟು ಸ್ವಲ್ಪ ಹೊತ್ತು ಪುಣೆಗೆ ಹೋಗಬೇಕು.

ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸಿನ ಕೈಯಲ್ಲಿತ್ತು, ಆಮೇಲೆ 1956ರವರೆಗೆ ಮುಂಬಯಿಯದು. ಹಳಿಯಾಳ ವೆಲಿಂಗ್ಟನ್ ದೊರೆಯ ಪತ್ರಗಳಲ್ಲಿ ಗಡಿಯ ಠಾಣೆಯಾಗಿ ಬರುತ್ತದೆ. ಆಮೇಲಿನ ಬ್ರಿಟಿಷ್ ದಾಖಲೆಗಳಲ್ಲಿ ಅದು ಮುಖ್ಯವಾಗಿ ಕಾಡಿನ ಲೆಕ್ಕದಲ್ಲಿ ಬರುವ ಊರು. ಕಾಳಿ ನದಿಯ ಕಣಿವೆಯ ಸಾಗವಾನಿ, ಅದನ್ನು ಕೂಡಿಡುವ ಡಿಪೋಗಳು, ಹರಾಜು. ಮುಂಬಯಿ ಪ್ರಾಂತದ ಅರಣ್ಯ ಆದಾಯದಲ್ಲಿ ಕೆನರಾ ಜಿಲ್ಲೆಯ ಪಾಲು ದೊಡ್ಡದು. ಮರ ಸಾಗಿಸಲೆಂದೇ ಅಳ್ನಾವರದಿಂದ ದಾಂಡೇಲಿಯ ಕಡೆಗೆ ರೈಲು ಹಳಿ ಬಂತು. ಕಾಲೇಜು ಬರಲಿಲ್ಲ. ಸ್ವಾತಂತ್ರ್ಯ ಬರುವ ತನಕ ಇಡೀ ಜಿಲ್ಲೆಯಲ್ಲಿ ಒಂದು ಪದವಿ ಕಾಲೇಜೂ ಇರಲಿಲ್ಲ. ಕುಮಟಾದಲ್ಲಿ ಕಾಲೇಜು ಹುಟ್ಟಿದ್ದು ಸ್ವಾತಂತ್ರ್ಯದ ನಂತರ, ಅದೂ ಜನರ ಪ್ರಯತ್ನದಿಂದ, ಅದೂ ಘಟ್ಟದ ಕೆಳಗೆ. ಹಳಿಯಾಳದವನಿಗೆ ಅದಕ್ಕಿಂತ ಧಾರವಾಡವೇ ಹತ್ತಿರ.

ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಕರ್ನಾಟಕದ ಹುಡುಗ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬೇಂದ್ರೆಯವರು ಹೋದದ್ದು, ಆಲೂರ ವೆಂಕಟರಾಯರು ಹೋದದ್ದು ಪುಣೆಗೇ. ರೊದ್ದ ಶ್ರೀನಿವಾಸರಾಯರಂಥವರು ಊರೂರು ಸುತ್ತಿ ಚಂದಾ ಎತ್ತಿ, ಸರ್ಕಾರದ ಬೆನ್ನು ಹತ್ತಿ ತಂದ ಕಾಲೇಜು ಇದು. ಹಿಂದೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಟ್ಟಡ ಅದರ ಪಾಲಿಗೆ ಬಂತು. ಇವತ್ತಿಗೂ ಆ ಕಲ್ಲಿನ ಕಮಾನುಗಳ ಕೆಳಗೆ ನಡೆಯುವಾಗ ಯಾವುದೋ ಜಂಕ್ಷನ್ನಿನಲ್ಲಿ ಗಾಡಿ ತಡವಾಗಿ ನಿಂತಿದ್ದೇವೆ ಅನ್ನಿಸುವುದು ಅದಕ್ಕೇ ಇರಬೇಕು.

ಈ ಕಾಲೇಜು ಶುರುವಾಗಿ ಹದಿನೈದು ವರ್ಷವೂ ಕಳೆದಿರಲಿಲ್ಲ, ಜಗತ್ತಿನ ಆರ್ಥಿಕ ಕುಸಿತ ಬಂತು. 1929ರ ನಂತರ ಹತ್ತಿಯ ಬೆಲೆ ಬಿತ್ತು, ಧಾನ್ಯದ ಬೆಲೆ ಬಿತ್ತು. ಬೆಲೆ ಬಿದ್ದರೆ ರೈತ ಕಂದಾಯ ಕಟ್ಟುವುದು ಎಲ್ಲಿಂದ? ಮುಂಬಯಿ ಸರ್ಕಾರದ ಮೇಲೆ ಮೊದಲೇ ಎರಡು ದೊಡ್ಡ ಸಾಲಗಳ ಭಾರ ಇತ್ತು. ಒಂದು ಸಿಂಧದ ಸಕ್ಕರ್ ಬ್ಯಾರೇಜು, ಇನ್ನೊಂದು ಮುಂಬಯಿಯ ಬ್ಯಾಕ್ ಬೇ ಸಮುದ್ರ ತುಂಬಿಸುವ ಯೋಜನೆ. ಎರಡನೆಯದು 1920ರ ದಶಕದಲ್ಲೇ ಹಗರಣವಾಗಿ ಹೆಸರು ಕೆಡಿಸಿಕೊಂಡಿತ್ತು. ಅಂದರೆ ಸಮುದ್ರಕ್ಕೆ ಸುರಿದ ಹಣದ ಬಡ್ಡಿ ಕಟ್ಟುತ್ತಿರುವಾಗಲೇ ಆದಾಯ ಕುಸಿಯಿತು. ನೌಕರರ ಸಂಬಳದಲ್ಲಿ ಶೇಕಡಾ 10 ಕಡಿತವಾಯಿತು. ಖರ್ಚು ಎಲ್ಲೆಲ್ಲಿ ಉಳಿಸಬಹುದು ಎಂಬ ತಲಾಶು ಶುರುವಾಯಿತು. ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ನಡೆದಿತ್ತು ಎಂಬುದನ್ನೂ ನೆನಪಿಡಬೇಕು. 1932ರಲ್ಲಿ ಕರ ಕೊಡೆವೆಂದವರ ಹೊಲ, ಮನೆ, ದನಕರು ಜಪ್ತಿಯಾಗುತ್ತಿದ್ದವು. ಸರ್ಕಾರ ಒಂದು ಕೈಯಲ್ಲಿ ಜಪ್ತಿ ಮಾಡುತ್ತಿತ್ತು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದಿತ್ತು.

ಕತ್ತರಿ ಬಿದ್ದದ್ದು ಪುಣೆಯ ಡೆಕ್ಕನ್ ಕಾಲೇಜಿನ ಮೇಲೆ. ಅದು ಸಣ್ಣ ಸಂಸ್ಥೆಯಲ್ಲ. 1821ರಲ್ಲಿ ಎಲ್ಫಿನ್‌ಸ್ಟನ್ ಕಾಲದಲ್ಲಿ ಪೇಶ್ವೆಯರ ದಕ್ಷಿಣೆಯ ಹಣದಿಂದ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ್ದು. ಭಂಡಾರ್ಕರ್ ಕಲಿಸಿದ, ತಿಲಕರು ಕಲಿತ ಕಾಲೇಜು. 1934ರಲ್ಲಿ ಸರ್ಕಾರ ಅದನ್ನು ಮುಚ್ಚಿಬಿಟ್ಟಿತು. ಪುಣೆಯಲ್ಲಿ ಖಾಸಗಿಯವರ ಕಾಲೇಜುಗಳು ಇದ್ದವು, ಸರ್ಕಾರ ತಾನೇ ಒಂದು ನಡೆಸುವ ಅಗತ್ಯವೇನು ಎಂಬ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಹಳೆಯ ವಿದ್ಯಾರ್ಥಿಗಳು ಒಪ್ಪಲಿಲ್ಲ. ಯೆರವಡಾದ ಆ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟಿದ್ದವರು ಸರ್ ಜಮ್ಶೆಟ್‌ಜಿ ಜೀಜೀಭಾಯಿ. ಕಾಲೇಜಿಗೆಂದು ಕೊಟ್ಟ ದಾನವನ್ನು ಸರ್ಕಾರ ಬೇರೆ ಏನಕ್ಕೂ ಬಳಸುವಂತಿಲ್ಲ ಎಂದು ಅವರು ನ್ಯಾಯಾಲಯಕ್ಕೆ ಹೋದರು. ಕೊನೆಗೆ 1939ರ ಆಗಸ್ಟಿನಲ್ಲಿ ಡೆಕ್ಕನ್ ಕಾಲೇಜು ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. ಇವತ್ತು ಭಾಷಾಶಾಸ್ತ್ರ, ಪುರಾತತ್ವ ಎಂದರೆ ನೆನಪಾಗುವ ಡೆಕ್ಕನ್ ಕಾಲೇಜು ಅದು. ಅದೇ 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆಯೂ ಶುರುವಾಯಿತು. ನಾನು ದಿನಾ ಓದಲು ಕೂರುವ ಜಾಗಕ್ಕೂ ಆ ಮುಚ್ಚಿದ ಕಾಲೇಜಿಗೂ ಒಂದೇ ವರ್ಷದ ನಂಟು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗೆಲುವಲ್ಲ. ಮುಚ್ಚಿದ್ದು ಕಣ್ಣಿಗೆ ಕಾಣುತ್ತಿತ್ತು ಎಂಬುದು. ಒಂದು ಆದೇಶ ಇತ್ತು, ಒಂದು ತಾರೀಖು ಇತ್ತು, ಬೀಗ ಇತ್ತು. ಆದ್ದರಿಂದ ದಾವೆ ಹಾಕಲು ಒಂದು ಕಾರಣವೂ ಇತ್ತು. ಕೋರ್ಟಿಗೆ ಹೋಗುವಷ್ಟು ಬಲವಿರುವ ಹಳೆಯ ವಿದ್ಯಾರ್ಥಿಗಳಿದ್ದರು ಎಂಬುದೂ ಅಷ್ಟೇ ಮುಖ್ಯ. ಜೋಯಿಡಾದಂಥ ಕಡೆಯ ಕಾಲೇಜಿಗೆ ಅಂಥ ಹಳೆಯ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು?

ಇದೇ ಕುಸಿತದ ವರ್ಷಗಳಲ್ಲಿ ಇನ್ನೊಂದೂ ನಡೆಯಿತು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಲಿಂಗರಾಜ ಕಾಲೇಜನ್ನು ತೆರೆಯಿತು. ಸಿರಸಂಗಿ ಲಿಂಗರಾಜ ದೇಸಾಯರ ಹೆಸರಿನದು. ಸರ್ಕಾರ ಪುಣೆಯಲ್ಲಿ ಕೈ ಹಿಂದೆಗೆದುಕೊಳ್ಳುವ ಒಂದು ವರ್ಷ ಮೊದಲು ಜನ ಇಲ್ಲಿ ಕೈ ಮುಂದೆ ಚಾಚಿದ್ದರು. ಉತ್ತರ ಕರ್ನಾಟಕದ ಉನ್ನತ ಶಿಕ್ಷಣ ಮುಂದಿನ ಐವತ್ತು ವರ್ಷ ನಡೆದದ್ದು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ. ಮಠ, ಸಮುದಾಯ, ಊರಿನ ಹಿರಿಯರು ಸೇರಿ ಕಟ್ಟಡ ಕಟ್ಟುವುದು, ಸರ್ಕಾರ ಅನುದಾನದ ಮೂಲಕ ಸಂಬಳ ಕೊಡುವುದು. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ ಶಾಲೆ ಕಾಲೇಜುಗಳು ಇದೇ ಬಗೆಯವು. ಎಲ್ಲರಿಗೂ ಗೊತ್ತಿರುವ ಕಥೆ, ಇಲ್ಲಿ ಬಿಡುತ್ತೇನೆ. ಈ ಒಪ್ಪಂದಕ್ಕೆ ಒಂದು ಕೊನೆ ಇತ್ತು, ಅದನ್ನು ಮಾತ್ರ ಹೇಳಬೇಕು.

1987. ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಯವರ ಬಾಯಲ್ಲಿ ಈ ವರ್ಷ ಒಂದು ಗಡಿಕಲ್ಲು. ಅದಕ್ಕಿಂತ ಮೊದಲು ಹುಟ್ಟಿದ ಸಂಸ್ಥೆಗೆ ಅನುದಾನದ ಹಾದಿ ಇತ್ತು, ನಂತರ ಹುಟ್ಟಿದ್ದಕ್ಕೆ ಇಲ್ಲ. ಶಾಲೆಗಳ ಮಟ್ಟಿಗೆ 1987ರಿಂದ 1995ರ ನಡುವೆ ಶುರುವಾದ ಕನ್ನಡ ಮಾಧ್ಯಮದವುಗಳಿಗೆ ಮುಂದೆ ದೊಡ್ಡ ಹೋರಾಟದ ನಂತರ ಅನುದಾನ ಸಿಕ್ಕಿತು. ಕಾಲೇಜುಗಳಿಗೆ ಆ ಅದೃಷ್ಟವೂ ಇರಲಿಲ್ಲ. ಆ ಗಡಿಕಲ್ಲಿನ ವರ್ಷ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯವರೇ, ರಾಮಕೃಷ್ಣ ಹೆಗಡೆಯವರು. ರಾಜ್ಯಕ್ಕೆ 13 ಬಜೆಟ್ ಮಂಡಿಸಿದ, ಲೆಕ್ಕ ಬಲ್ಲ ಮನುಷ್ಯ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅನುದಾನದ ಪಟ್ಟಿ ವರ್ಷ ವರ್ಷ ಉದ್ದವಾಗುತ್ತಿತ್ತು, ಸಂಬಳದ ಹೊರೆ ಹೊರಲು ಖಜಾನೆಗೆ ಸುಸ್ತಾಗಿತ್ತು. ಆದರೆ ಒಂದು ತಾರೀಖಿನಿಂದ ಗೆರೆ ಎಳೆದಾಗ ಲಾಭವಾಗುವುದು ಮೊದಲೇ ಕಾಲೇಜು ಕಟ್ಟಿಕೊಂಡ ಊರುಗಳಿಗೆ. ಕುಮಟಾ, ಅಂಕೋಲಾ, ಶಿರಸಿಗಳು ಗೆರೆಯ ಈಚೆಗಿದ್ದವು. ಸೂಪಾ ಅಣೆಕಟ್ಟಿಗಾಗಿ ತಾಲ್ಲೂಕು ಕೇಂದ್ರವೇ ನೀರಲ್ಲಿ ಮುಳುಗಿ, ಕಚೇರಿಗಳನ್ನೆಲ್ಲ ಜೋಯಿಡಾಕ್ಕೆ ಎತ್ತಿಕೊಂಡು ಬಂದು ಇನ್ನೂ ಉಸಿರು ಬಿಡುತ್ತಿದ್ದ ತಾಲ್ಲೂಕಿಗೆ 1987ಕ್ಕೆ ಮೊದಲು ಕಾಲೇಜು ಕಟ್ಟಲು ಪುರುಸೊತ್ತು ಎಲ್ಲಿತ್ತು? ರಾಜ್ಯಕ್ಕೆ ಬೆಳಕು ಕೊಡಲು ಮುಳುಗಿದ ಊರು ಅದು.

1990ರ ದಶಕದಲ್ಲಿ ಭಾಷೆಯೇ ಬದಲಾಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಹಣಕಾಸಿನ ಬಗ್ಗೆ ಯು.ಜಿ.ಸಿ. ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ, ಸಂಸ್ಥೆಗಳು ತಮ್ಮ ಖರ್ಚಿನ ಶೇಕಡಾ 15ರಷ್ಟನ್ನು ಮೊದಲು, ಹತ್ತು ವರ್ಷದೊಳಗೆ ಶೇಕಡಾ 25ರಷ್ಟನ್ನು ತಾವೇ ದುಡಿದುಕೊಳ್ಳಬೇಕು ಎಂದಿತು. 1997ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸಬ್ಸಿಡಿಗಳ ಕುರಿತು ಒಂದು ಚರ್ಚಾ ಪತ್ರ ಹೊರತಂದಿತು. ಪ್ರಾಥಮಿಕ ಶಿಕ್ಷಣಕ್ಕೆ ಕೊಡುವ ಹಣ ಸಮಾಜಕ್ಕೆ ಬೇಕಾದದ್ದು, ಉನ್ನತ ಶಿಕ್ಷಣಕ್ಕೆ ಕೊಡುವುದು ಆ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದು ಅದರ ವಿಂಗಡಣೆ. ಡಿಗ್ರಿ ಓದಿದವನಿಗೆ ಲಾಭ, ಆದ್ದರಿಂದ ಅವನೇ ಕೊಡಲಿ. ನಗರದಲ್ಲಿ ಕುಳಿತು ನೋಡಿದರೆ ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಗೌಳಿವಾಡೆಯಿಂದಲೋ ಸಿದ್ದಿಯರ ಕೇರಿಯಿಂದಲೋ ಮೊದಲ ಸಲ ಡಿಗ್ರಿಗೆ ಬರುವ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಓದಿದರೆ ತಪ್ಪು ತಾನಾಗಿ ಕಾಣುತ್ತದೆ.

ಕರ್ನಾಟಕಕ್ಕೆ ಬಿಕ್ಕಟ್ಟು ನಿಜವಾಗಿ ಬಂದದ್ದು ಅದೇ ದಶಕದ ಕೊನೆಗೆ. ಐದನೇ ವೇತನ ಆಯೋಗದ ನಂತರ ಎಲ್ಲ ರಾಜ್ಯಗಳ ಸಂಬಳ, ಪಿಂಚಣಿ ಏರಿದವು. ಸಾಲ ಮಾಡಿ ಸಂಬಳ ಕೊಡುವ ಸ್ಥಿತಿ. ಎಸ್.ಎಂ. ಕೃಷ್ಣ ಅವರ ಸರ್ಕಾರ ಹಣಕಾಸಿನ ಬಗ್ಗೆ ಶ್ವೇತಪತ್ರ ಹೊರಡಿಸಿತು. 2001ರಲ್ಲಿ ವಿಶ್ವಬ್ಯಾಂಕಿನಿಂದ ಆರ್ಥಿಕ ಪುನರ್ರಚನೆಯ ಹೆಸರಿನ 15 ಕೋಟಿ ಡಾಲರ್ ಸಾಲ ಬಂತು, ಮರುವರ್ಷ ಇನ್ನೂ 10 ಕೋಟಿ ಡಾಲರ್. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. 2006ರ ಮಾರ್ಚ್ ಹೊತ್ತಿಗೆ ಕಂದಾಯ ಕೊರತೆ ಸೊನ್ನೆಗೆ ಇಳಿಯಬೇಕು ಎಂದು ಅದು ಹೇಳಿತು. ರಾಜ್ಯ ಅದಕ್ಕಿಂತ ಮೊದಲೇ, 2004-05ರಲ್ಲಿಯೇ, ಹೆಚ್ಚುವರಿ ತೋರಿಸಿತು. ಆರ್ಥಿಕ ಶಿಸ್ತಿನ ಪಾಠಗಳಲ್ಲಿ ಕರ್ನಾಟಕವನ್ನು ಇವತ್ತಿಗೂ ಉದಾಹರಣೆಯಾಗಿ ಕೊಡುತ್ತಾರೆ.

ಶಿಸ್ತು ಬಂದದ್ದು ಹಲವು ದಾರಿಗಳಿಂದ. ತೆರಿಗೆ ವಸೂಲಿ ಸುಧಾರಿಸಿತು, ಅದು ನಿಜ. ಇನ್ನೊಂದು ದಾರಿ ಹೊಸ ನೇಮಕಾತಿಗೆ ಹಾಕಿದ ಕಡಿವಾಣ. ಕಾಲೇಜಿನಲ್ಲಿ ಒಬ್ಬ ಕಾಯಂ ಅಧ್ಯಾಪಕರು ನಿವೃತ್ತರಾದರೆ ಆ ಕುರ್ಚಿ ಖಾಲಿ. ಆದರೆ ಪಾಠ ನಡೆಯಬೇಕಲ್ಲ? ಅದಕ್ಕೆ ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಶಬ್ದವನ್ನು ಯಾರು ಆರಿಸಿದರೋ ಅವರ ಹಾಸ್ಯಪ್ರಜ್ಞೆಗೆ ನಮಸ್ಕಾರ. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ಇರುವ, ಪ್ರತಿ ವರ್ಷ ಹೊಸದಾಗಿ ಕರೆಸಿಕೊಳ್ಳಬೇಕಾದ, ರಜೆಯಲ್ಲಿ ಊಟವಿಲ್ಲದ ಅತಿಥಿ. 2007ರಲ್ಲಿ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಹೊಸ ಸರ್ಕಾರಿ ಪದವಿ ಕಾಲೇಜುಗಳು ಶುರುವಾದವು. ಕೊನೆಗೂ ತಾಲ್ಲೂಕುಗಳಿಗೆ, ಹೋಬಳಿಗಳಿಗೆ ಕಾಲೇಜು ಬಂತು. ಬೋರ್ಡು ಬಂತು, ಹುದ್ದೆಗಳು ಪೂರ್ತಿ ಬರಲಿಲ್ಲ. ಇವತ್ತು ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಿಲ್ಲಿಸಿರುವವರಲ್ಲಿ ಅತಿಥಿಗಳೇ ಹತ್ತು ಸಾವಿರಕ್ಕೂ ಮಿಕ್ಕಿ ಇದ್ದಾರೆ.

ಅವರಲ್ಲಿ ನಾನೂ ಒಬ್ಬನಾಗಿದ್ದೆ. ಯಾವ ಕಾಲೇಜು ಎಂಬುದು ಬೇಡ, ಅಲ್ಲಿಯವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ನನಗೆ ಸಿಕ್ಕಿದ್ದು ವಾರಕ್ಕೆ ಎಂಟು ಗಂಟೆಯ ಇತಿಹಾಸ. ನನ್ನ ಜೊತೆ ಇನ್ನೊಬ್ಬರು ಇದ್ದರು, ನನಗಿಂತ ಹತ್ತು ವರ್ಷ ಹಿರಿಯರು. ಅವರಿಗೂ ಅಷ್ಟೇ. 2022ರ ಜನವರಿಯಲ್ಲಿ, ಅತಿಥಿ ಉಪನ್ಯಾಸಕರ ದೊಡ್ಡ ಮುಷ್ಕರದ ನಂತರ, ಸರ್ಕಾರ ಗೌರವಧನವನ್ನು ದುಪ್ಪಟ್ಟಿಗೂ ಹೆಚ್ಚು ಮಾಡಿತು. ಐದು ವರ್ಷಕ್ಕಿಂತ ಹೆಚ್ಚು ಸೇವೆಯಿದ್ದು ಯು.ಜಿ.ಸಿ. ಅರ್ಹತೆ ಇರುವವರಿಗೆ ತಿಂಗಳಿಗೆ 32,000 ರೂಪಾಯಿ. ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆವು. ಆದೇಶದ ಮುಂದಿನ ಸಾಲುಗಳನ್ನು ಓದಿದ್ದು ಆಮೇಲೆ. ಒಬ್ಬೊಬ್ಬರಿಗೆ ವಾರಕ್ಕೆ 15 ಗಂಟೆಯ ಕೆಲಸ ಇರಬೇಕು. ಇಬ್ಬರ ಎಂಟೆಂಟು ಸೇರಿದರೆ ಒಬ್ಬರ ಹದಿನೈದು. ರಾಜ್ಯದಾದ್ಯಂತ ಸಾವಿರಾರು ಮಂದಿಗೆ ಆದದ್ದು ಇಷ್ಟೇ, ಗಣಿತ ಬಹಳ ಸರಳ. ಹಿರಿತನದ ಪ್ರಕಾರ ಅವರು ಉಳಿದರು, ನಾನು ಹೊರಟೆ. ಅವರಿಗೆ ಇಬ್ಬರು ಮಕ್ಕಳು, ನನಗೆ ಸಂಶೋಧನೆಯ ಆಸೆ ಮೊದಲೇ ಇತ್ತು. ಆದ್ದರಿಂದ ಇದನ್ನು ನೋವಿನ ಕಥೆಯಾಗಿ ಹೇಳಿದರೆ ಸುಳ್ಳಾಗುತ್ತದೆ. ಆದರೆ ನನಗೆ ಆಗ ಹೊಳೆಯದೇ ಹೋದದ್ದು ಮಕ್ಕಳಿಗೆ ಏನಾಯಿತು ಎಂಬುದು.

ಇಬ್ಬರು ಇದ್ದಾಗ ಹುಡುಗರನ್ನು ಎರಡು ಗುಂಪು ಮಾಡಿ ಪಾಠ ಮಾಡುತ್ತಿದ್ದೆವು. ಒಬ್ಬರಾದ ಮೇಲೆ ಗುಂಪು ಒಂದೇ. ಈ ನಡುವೆ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಮೂರು ಐಚ್ಛಿಕ ವಿಷಯಗಳ ಜಾಗದಲ್ಲಿ ಎರಡಾಗಿದ್ದವು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರಕ್ಕೆ ಬಂತು. ಪ್ರತಿ ಬದಲಾವಣೆಯಲ್ಲಿ ಯಾವುದೋ ಒಂದು ವಿಷಯದ ಗಂಟೆಗಳು ಕಡಿಮೆಯಾಗುತ್ತವೆ, ಗಂಟೆ ಕಡಿಮೆಯಾದರೆ ಆ ವಿಷಯಕ್ಕೆ ಅತಿಥಿ ಸಿಗುವುದಿಲ್ಲ, ಅತಿಥಿ ಇಲ್ಲದ ವಿಷಯವನ್ನು ಮುಂದಿನ ವರ್ಷ ಅರ್ಜಿ ಫಾರ್ಮಿನಲ್ಲಿ ತೋರಿಸುವುದಿಲ್ಲ, ಫಾರ್ಮಿನಲ್ಲಿ ಇಲ್ಲದ ವಿಷಯವನ್ನು ಯಾರೂ ಕೇಳುವುದಿಲ್ಲ. ಆಮೇಲೆ ಯಾರಾದರೂ ಪ್ರಶ್ನಿಸಿದರೆ 'ಬೇಡಿಕೆ ಇಲ್ಲ' ಎಂಬ ಉತ್ತರ ಸಿದ್ಧ. ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳಿಗೆ ಸಣ್ಣ ಊರಿನ ಕಾಲೇಜುಗಳಲ್ಲಿ ಬಂದ ಗತಿ ಇದು. ಬೇಡಿಕೆ ಇಲ್ಲವಾದದ್ದಲ್ಲ, ಬೇಡುವ ಜಾಗ ಇಲ್ಲವಾದದ್ದು.

ಇದು ನಮ್ಮ ಒಬ್ಬರದೇ ಕಥೆ ಎಂದುಕೊಂಡಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಬಗ್ಗೆ ಓದಿದಾಗ ಬೆಚ್ಚಿದೆ. ಅಲ್ಲಿ ಕಮ್ಯೂನಿಟಿ ಕಾಲೇಜು ಎಂಬುದಿದೆ. ಊರಿನ ಯಾರಾದರೂ, ಯಾವ ವಯಸ್ಸಿನವರಾದರೂ ಸೇರಬಹುದಾದ ಎರಡು ವರ್ಷದ ಸರ್ಕಾರಿ ಕಾಲೇಜು. ಒಂದು ಕಾಲಕ್ಕೆ ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ರಾಜ್ಯದಾದ್ಯಂತ ಶುಲ್ಕ ಬಂದದ್ದು 1984ರಲ್ಲಿ. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರ ಅವುಗಳ ಹಣ ಕಡಿಯುತ್ತಾ ಹೋಯಿತು. 20 ಡಾಲರ್ ಇದ್ದ ಪ್ರತಿ ಯೂನಿಟ್ಟಿನ ಶುಲ್ಕ 2012ರ ಹೊತ್ತಿಗೆ 46ಕ್ಕೆ ಏರಿತು. ಕಾಲೇಜುಗಳ ಬಾಗಿಲು ತೆರೆದೇ ಇತ್ತು. ತರಗತಿಗಳು ಮಾತ್ರ ಕಡಿಮೆಯಾದವು. ಬೇಕಾದ ಪಾಠಕ್ಕೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಸೆಮಿಸ್ಟರ್‌ಗಟ್ಟಲೆ ಕಾಯಬೇಕಾಯಿತು. ನಾಲ್ಕೈದು ವರ್ಷಗಳಲ್ಲಿ ಸುಮಾರು 5 ಲಕ್ಷ ವಿದ್ಯಾರ್ಥಿಗಳು ಕಡಿಮೆಯಾದರು. ಕೆಲಸ ಹೋಗಿ, ಹೊಸದೇನಾದರೂ ಕಲಿಯೋಣ ಎಂದು ಜನ ಕಾಲೇಜಿನ ಕಡೆ ಬರುವ ಹೊತ್ತಿನಲ್ಲೇ ಇದು ನಡೆಯಿತು. 2012ರ ನವೆಂಬರಿನಲ್ಲಿ ಮತದಾರರೇ ತಮ್ಮ ಮೇಲೆ ಹೆಚ್ಚಿನ ತೆರಿಗೆಗೆ ಒಪ್ಪಿಗೆ ಕೊಟ್ಟ ಮೇಲೆ ಹಣ ಮರಳತೊಡಗಿತು. ಅಲ್ಲಿಗೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಬಾರದೇ ಹೋದವರನ್ನು ಎಣಿಸಿದರು. ಕಾಯುವ ಪಟ್ಟಿ ಎಂಬುದಾದರೂ ಇತ್ತು. ನಮ್ಮಲ್ಲಿ ಸಿಗದ ವಿಷಯಕ್ಕೆ ಪಟ್ಟಿ ಇಲ್ಲ, ಹೀಗಾಗಿ ಸಿಗದೇ ಹೋದವರ ಲೆಕ್ಕವೂ ಇಲ್ಲ.

ಬಾಗಿಲು ಹಾಕುವ ಮಾತು ನಮ್ಮಲ್ಲಿ ಮತ್ತೆ ಬಹಿರಂಗವಾಗಿ ಕೇಳಿದ್ದು 2025ರ ಫೆಬ್ರವರಿಯಲ್ಲಿ. ಹಿಂದಿನ ಸರ್ಕಾರ 2023ರಲ್ಲಿ ಬೀದರ್, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಉದ್ಘಾಟಿಸಿತ್ತು. ಈಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಹಣವಿಲ್ಲ, ನಡೆಸುವುದು ಕಷ್ಟ ಎಂದು ಬೀದರ್ ಬಿಟ್ಟು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಕಡೆಗೆ ಒಲವು ತೋರಿತು. ಪ್ರತಿಭಟನೆಗಳಾದವು, ಸದನದಲ್ಲಿ ಗದ್ದಲವಾಯಿತು. ಧಾರವಾಡದ ನಮ್ಮ ಹಾಸ್ಟೆಲ್ಲಿನಲ್ಲೂ ರಾತ್ರಿಯಿಡೀ ವಾದ. ಹಾವೇರಿಯ ಗೆಳೆಯನೊಬ್ಬ ಸಿಟ್ಟಿನಿಂದ, 'ನಿಮಗೇನ್ರಪಾ, ನಿಮ್ಮ ಯೂನಿವರ್ಸಿಟಿ ಎಪ್ಪತ್ತೈದು ವರ್ಷದ್ದು' ಅಂದ. ಎಪ್ಪತ್ತೈದು ವರ್ಷದ್ದಕ್ಕೂ ಪಿಂಚಣಿಯ ತಲೆನೋವು ಇದೆ, ಖಾಲಿ ಹುದ್ದೆಗಳ ತಲೆನೋವು ಇದೆ ಎಂದು ನಾನು ಹೇಳಲಿಲ್ಲ. ಅವನ ಸಿಟ್ಟಿನಲ್ಲಿ ಸತ್ಯವಿತ್ತು. ಕಟ್ಟಡವಿಲ್ಲದೆ, ಅಧ್ಯಾಪಕರಿಲ್ಲದೆ ವಿಶ್ವವಿದ್ಯಾಲಯದ ಬೋರ್ಡು ಹಾಕಿದ್ದು ತಪ್ಪೋ, ಹಾಕಿದ ಬೋರ್ಡನ್ನು ಕೀಳುವುದು ತಪ್ಪೋ ಎಂಬುದರ ಮೇಲೆ ನಮಗೆ ಒಮ್ಮತವಾಗಲಿಲ್ಲ. ನನಗನ್ನಿಸಿದ್ದು, ಈ ಗದ್ದಲವಾದರೂ ಆಯಿತಲ್ಲ ಎಂದು. ಸದ್ದಿಲ್ಲದೆ ನಿಂತ ಇತಿಹಾಸದ ತರಗತಿಗೆ ಯಾವ ಸದನದಲ್ಲೂ ಗದ್ದಲವಾಗಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಎಲ್ಲವೂ ಕಡಿತದ ಕಥೆಯಲ್ಲ. 2021ರಲ್ಲಿ ಕರೆದ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳು ತಡವಾಗಿಯಾದರೂ ತುಂಬಿದವು. ಕಾಯಂ ಅಧ್ಯಾಪಕರು ಬಂದ ಕಾಲೇಜಿನಲ್ಲಿ ಪಾಠ ಸುಧಾರಿಸಿತು, ಅಲ್ಲಿದ್ದ ಅತಿಥಿ ಮನೆಗೆ ಹೋದ. ಎರಡೂ ಒಂದೇ ದಿನ ನಡೆಯುತ್ತವೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಖಜಾನೆ ಬರಿದಾಗಲು ಇಂಥ ಗ್ಯಾರಂಟಿಗಳೇ ಕಾರಣ ಎಂದು ಬೈಯುವವರು ನನ್ನ ವಿಭಾಗದಲ್ಲಿಯೇ ಇದ್ದಾರೆ. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಹಳಿಯಾಳದ ಬಸ್ ನಿಲ್ದಾಣದಲ್ಲಿ ನಿಂತು ಎಣಿಸುವಾಗ, ಊರಿನ ಕಾಲೇಜಿನಲ್ಲಿ ಸಿಗದ ವಿಷಯವನ್ನು ಹುಡುಕಿಕೊಂಡು ಆಧಾರ್ ಕಾರ್ಡ್ ತೋರಿಸಿ ಧಾರವಾಡಕ್ಕೆ ಹೋಗುವ ಹುಡುಗಿಯರೇ ಆ ಸಾಲಿನಲ್ಲಿ ಹೆಚ್ಚು. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆಯ ಬಸ್ಸು ಸ್ವಲ್ಪ ತುಂಬಿಕೊಟ್ಟಿದೆ. ಪೂರ್ತಿ ಅಲ್ಲ. ಜೋಯಿಡಾದ ಕಾಡೊಳಗಿನ ಹಳ್ಳಿಯಿಂದ ಹಳಿಯಾಳಕ್ಕೆ ಬರುವುದಕ್ಕೇ ಅರ್ಧ ದಿನ ಹೋದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ?

ನನ್ನ ಬಳಿ ಓದಿದ್ದ ವಿದ್ಯಾರ್ಥಿನಿಯೊಬ್ಬಳು ಅಂಥ ಕಡೆಯವಳು. ಬಿ.ಎ. ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಹೋದ ವರ್ಷ ಜೂನಿನಲ್ಲಿ ಫೋನ್ ಮಾಡಿದಳು. ತಂಗಿಯ ಪಿಯುಸಿ ಮುಗಿದಿತ್ತು, ಅವಳಿಗೂ ಇತಿಹಾಸವೇ ಬೇಕಿತ್ತು.

'ಸರ್, ಇಲ್ಲಿ ಹಿಸ್ಟರಿ ಈ ವರ್ಷ ತಗೊಳ್ಳಾಕ ಬರಂಗಿಲ್ಲಂತ್ರಿ. ಬ್ಯಾರೆ ತಗೋ ಅಂತಾರ.'

ಧಾರವಾಡಕ್ಕೆ ಕಳಿಸು ಎಂದೆ. ಹಾಸ್ಟೆಲ್ ಅರ್ಜಿಯ ಬಗ್ಗೆ ಹೇಳಿದೆ, ನಾನೇ ತಿರುಗಾಡುತ್ತೇನೆ ಎಂದೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

'ಅಪ್ಪ ಒಪ್ಪಂಗಿಲ್ರಿ ಸರ್. ನಾ ಆದ್ರ ಇಲ್ಲೇ ಓದಿದ್ನಿ, ಸಂಜಿಗೆ ಮನಿಗೆ ಬರ್ತಿದ್ನಿ. ಅದಕ್ಕ ಬಿಟ್ಟಿದ್ರು.'

ತಂಗಿ ಅಲ್ಲೇ ಸೇರಿದಳು. ಇರುವ ವಿಷಯಗಳಲ್ಲಿ ಮೂರನ್ನು ಆರಿಸಿಕೊಂಡಳು. ದಾಖಲಾತಿಯ ಪಟ್ಟಿಯಲ್ಲಿ ಅವಳ ಹೆಸರಿದೆ, ಆದ್ದರಿಂದ ಅವಳನ್ನು ಯಾರೂ ನಷ್ಟದ ಲೆಕ್ಕಕ್ಕೆ ಸೇರಿಸುವಂತಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಕ್ಕತಂಗಿಯರಿಬ್ಬರೂ ಹಳಿಯಾಳದ ಸಂತೆಯಲ್ಲಿ ಸಿಕ್ಕರು. ತಂಗಿ ಮೊದಲು ನಾಚಿಕೊಂಡು ನಿಂತಿದ್ದಳು. ನಾನು ಏನು ಸಂಶೋಧನೆ ಮಾಡುತ್ತೇನೆ ಎಂದು ಅಕ್ಕ ಹೇಳಿದ ಮೇಲೆ ಮೆಲ್ಲಗೆ ಕೇಳಿದಳು.

'ಸರ್, ಅಕ್ಕಗ ಹೇಳಿದ್ದ ನೋಟ್ಸ್ ಇನ್ನೂ ಅದಾವೇನ್ರಿ? ಪರೀಕ್ಷಾಕ್ಕಲ್ಲ. ಸುಮ್ನ ಓದಾಕ.'

ಇದ್ದವು. ಮರುವಾರ ಝೆರಾಕ್ಸ್ ಮಾಡಿಸಿ, ಹಗ್ಗ ಕಟ್ಟಿ, ಜೋಯಿಡಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ.